ಮಣ್ಣು ಕೊಟ್ಟ ಕಪ್ಪು, ಬೆಳ್ಳಿಯ ಬಿಳುಪು

ಸಹೋದರಿಯರೇ, ಹುಣಸೂರು ತಾಲೂಕಿನ ಗುರುಪುರಕ್ಕೆ ಎಂದಾದರೂ ಹೋಗಿದ್ದೀರಾ? 1959ರ ನಂತರ ತಾಯ್ನಾಡು ತೊರೆದು ಬಂದ ಟಿಬೆಟಿಯನ್ನರಿಗಾಗಿ 1972ರಲ್ಲಿ ಇಲ್ಲಿ ವಸತಿ ಆರಂಭವಾಯಿತು. ಅಲ್ಲಿನ ಗ್ಯುದ್‌ಮೆದ್ ಮಠದಲ್ಲಿ ಸಾಲಾಗಿಟ್ಟ ನೀರಿನ ಬಟ್ಟಲುಗಳನ್ನೂ ದೀಪಗಳನ್ನೂ ಉದ್ದನೆಯ ಕಹಳೆಗಳನ್ನೂ ಕಾಣಬಹುದು. ಅವರ ಧರ್ಮ ಅವರಿಗೆ. ಆದರೆ ನೆಲ ಕಳೆದುಕೊಂಡರೂ ಹಿರಿಯರ ಲೋಹದ ಪರಿಕರಗಳನ್ನು ಅವರು ಕೈಬಿಡಲಿಲ್ಲ ಎಂಬುದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ನಮ್ಮವರ ಕೈಯ ಕಲೆಯನ್ನು ನಾವೆಷ್ಟು ಬಲ್ಲೆವು?

ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲಿ ಬೀದರ್ ಇದೆ. ಬಹಮನಿ ಸುಲ್ತಾನರ ಕಾಲದಿಂದ ಬೆಳೆದು ಬಂದ ಬಿದ್ರಿ ಕಲೆಯ ಊರು ಅದು. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಹೂದಾನಿ, ಸುರಾಹಿ, ಪಾನದಾನಿಗಳನ್ನು ಎರಕ ಹೊಯ್ಯುತ್ತಾರೆ. ಉಳಿಯಿಂದ ಬಳ್ಳಿ, ಹೂಗಳನ್ನು ಕೆತ್ತಿ, ಆ ಗೆರೆಗಳೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಅದು ಬಳಿದ ಬಣ್ಣವಲ್ಲ, ಲೋಹವೇ ತಳೆದ ಬಣ್ಣ.

ಜಪಾನಿನ ಕಂಚಿನ ಹೂದಾನಿಗಳ ಗುಟ್ಟೂ ಇದೇ. 1611ರಿಂದ ಎರಕದ ಕಸುಬು ನಡೆಸಿಕೊಂಡು ಬಂದ ತಕಾವೋಕಾ ಪಟ್ಟಣದಲ್ಲಿ ಕಂಚಿಗೆ ರಾಸಾಯನಿಕಗಳಿಂದಲೂ ಶಾಖದಿಂದಲೂ ಕಂದು, ಹಸಿರು, ಕಪ್ಪು ಬಣ್ಣ ಬರಿಸುತ್ತಾರೆ. ಆ ಹೂದಾನಿಗಳು ಲೋಕದೆಲ್ಲೆಡೆಯ ಮನೆಗಳನ್ನು ಸೇರಿವೆ.

ಬಿದ್ರಿಯನ್ನು ಇಂದಿಗೂ ಉಳಿಸಿದವರಲ್ಲಿ ಮುಸ್ಲಿಮ್ ಕುಶಲಕರ್ಮಿಗಳು ಅನೇಕರು. ಅವರಲ್ಲೊಬ್ಬರಾದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಆದರೆ ಪ್ರಶಸ್ತಿಯೊಂದರಿಂದಲೇ ಕಸುಬು ಉಳಿಯದು. ದಿನಗಟ್ಟಲೆ ಕಣ್ಣು ಬಾಡಿಸಿ ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಿಗದಿದ್ದರೆ ಮಕ್ಕಳು ಉಳಿ ಹಿಡಿಯುವುದಾದರೂ ಹೇಗೆ?

ಅಟ್ಟದ ಮೇಲೆ ಅಜ್ಜಿಯ ಕಾಲದ ಪಾನದಾನಿಯೋ ತಾಮ್ರದ ಬಿಂದಿಗೆಯೋ ಇದ್ದರೆ ತೂಕಕ್ಕೆ ಹಾಕಿ ಗುಜರಿಗೆ ಕೊಡುವ ಮುನ್ನ ಒಮ್ಮೆ ಒರೆಸಿ ನೋಡಿ. ತಕ್ಕಡಿ ಲೋಹವನ್ನು ತೂಗುತ್ತದೆ, ಕೈಯ ಶ್ರಮವನ್ನಲ್ಲ. ಪ್ರವಾದಿ ದಾವೂದರಿಗೆ(ಅ) ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದು ಕುರ್‌ಆನ್ ತಿಳಿಸುತ್ತದೆ. ಅವರು ತಮ್ಮ ಕೈ ದುಡಿಮೆಯಿಂದಲೇ ಉಣ್ಣುತ್ತಿದ್ದರು. ಮುಂದಿನ ಮದುವೆಗೆ ಉಡುಗೊರೆ ಕೊಳ್ಳುವಾಗ ಆ ದುಡಿಮೆಯನ್ನು ನೆನೆಯೋಣ.