ಮೇಷ್ಟ್ರ ಪಿಸ್ತೂಲಿನ ಹಿಡಿ

ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಗುರಿ ಇರುವುದು ಹತ್ತು ಮೀಟರ್ ದೂರದಲ್ಲಿ. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂಗಿ ಗುಂಡಿಯಷ್ಟು. ಸುಮಾರು ಒಂದು ಕಿಲೋ ತೂಕದ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ, 75 ನಿಮಿಷದೊಳಗೆ 60 ಸಲ ಅದಕ್ಕೆ ಹೊಡೆಯಬೇಕು. ನೋಡುವವರು ಇದನ್ನು ಕಣ್ಣಿನ ಆಟ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಅಂಗೈಯದು. ಮೂತಿಯ ಮೇಲಿನ ಗುರಿಕಡ್ಡಿ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್ ಸರಿದರೂ ಗುಂಡು ಅಲ್ಲಿ ಮೂರು ಮಿಲಿಮೀಟರ್ ಆಚೆ ಬೀಳುತ್ತದೆ. ಹಿಡಿ ಪ್ರತಿ ಸಲವೂ ಒಂದೇ ಥರ ಕೂರದಿದ್ದರೆ ಕಣ್ಣು ತಾನೇ ಏನು ಮಾಡೀತು?

ನನಗೆ ಪಿಸ್ತೂಲು ಬಂದದ್ದು ಮೇಷ್ಟ್ರಿಂದ. ಅವರ ಬಲಗೈ ನಡುಗಲು ಶುರುವಾಗಿ ಒಂದು ವರ್ಷವಾಗಿತ್ತು. ಒಂದು ಸಂಜೆ ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟು, “ಇನ್ಮೇಲೆ ಇದು ನಿಂದು. ಹಿಡೀಲಿರೋದನ್ನೆಲ್ಲ ಉಜ್ಜಿ ತೆಗಿ” ಅಂದರು.

ಅಕ್ರೋಟು ಮರದ ಆ ಹಿಡಿಯ ಮೇಲೆ ಇಪ್ಪತ್ತು ವರ್ಷಗಳಿಂದ ಅವರು ಮೆತ್ತಿದ್ದ ಎಂ-ಸೀಲ್ ಪದರಗಳಿದ್ದವು. ನಲ್ಲಿ ಸೋರಿದರೆ ಮೆತ್ತುತ್ತೇವಲ್ಲ, ಅದೇ. ಹೆಬ್ಬೆರಳಿನ ಹಳ್ಳ, ಅಂಗೈ ನಡುವಿನ ಉಬ್ಬು, ಕಿರುಬೆರಳಿನ ಗೆರೆ ಎಲ್ಲ ಅವರದೇ. ನನ್ನ ಕೈ ಅದರೊಳಗೆ ಅಪ್ಪನ ಚಪ್ಪಲಿಯಲ್ಲಿ ತೂರಿಸಿದ ಮಗುವಿನ ಕಾಲಿನಂತಿತ್ತು. ಆದರೂ ಎರಡು ವಾರ ಅರ ಮುಟ್ಟಲಿಲ್ಲ. ಆ ಕೈ ಈ ಆಕಾರದಲ್ಲಿ ಉಳಿದಿದ್ದದ್ದು ಅಲ್ಲೊಂದೇ ಕಡೆ.

ಕೊನೆಗೆ ಮೂತಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಆ ಧೂಳು ಒಳಗೆ ಹೋಗಬಾರದು. ಮರ ಕಂಡ ಮೇಲೆ ಅದನ್ನು ತುಸು ಒರಟು ಮಾಡಿ, ಎರಡು ತುಂಡು ಪುಟ್ಟಿಯನ್ನು ಒಂದೇ ಬಣ್ಣ ಬರುವವರೆಗೆ ಚಪಾತಿ ಹಿಟ್ಟಿನಂತೆ ನಾದಿ, ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಹಿಡಿದೆ. ಬೆಳಗ್ಗೆ ಎದ್ದ ಕೂಡಲೇ ಹಿಡಿಯಬಾರದು. ಅರ್ಧ ಗಂಟೆ ಅಭ್ಯಾಸ ಮಾಡಿದ ಕೈ ಸ್ವಲ್ಪ ಊದಿರುತ್ತದೆ, ಸ್ಪರ್ಧೆಯಲ್ಲಿ ಇರುವುದು ಆ ಕೈ. ಗಟ್ಟಿಯಾಗಿ ಹಿಚುಕಲೂ ಬಾರದು. ಎಷ್ಟು ಬೇಕಾದರೂ ಮೆತ್ತಬಹುದು ಎಂದಲ್ಲ, ಮಣಿಕಟ್ಟಿಗೆ ಆಸರೆ ಕೊಡುವ ಹಿಡಿಗೆ ನಿಯಮದಲ್ಲಿ ಜಾಗವಿಲ್ಲ.

ರಾತ್ರಿಯೆಲ್ಲ ಒಣಗಿದ ಮೇಲೆ ಪರೀಕ್ಷೆ. ಕಣ್ಣು ಮುಚ್ಚಿ ತೋಳೆತ್ತಿ ಕಣ್ಣು ಬಿಟ್ಟರೆ ಗುರಿಕಡ್ಡಿ ಹಿಂದಿನ ಕಚ್ಚಿನ ಸರಿ ನಡುವೆ ನಿಂತಿರಬೇಕು. ನನ್ನದು ಎಡಕ್ಕೆ ವಾಲಿತ್ತು. ಒಂದು ಕಡೆ ಉಜ್ಜು, ಇನ್ನೊಂದು ಕಡೆ ಮೆತ್ತು, ಮತ್ತೆ ಒಣಗಿಸು. ಮೂರು ವಾರ ಹಿಡಿಯಿತು.

ಮೇಷ್ಟ್ರ ಮನೆಗೆ ಒಯ್ದೆ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಅವರು ಹಿಡಿಯೊಳಗೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಪಿಸ್ತೂಲನ್ನು ನನಗೆ ವಾಪಸು ಕೊಟ್ಟು, ನಾನು ಹಿಡಿದದ್ದನ್ನು ಕನ್ನಡಕ ಸರಿಸಿಕೊಂಡು ಬಗ್ಗಿ ನೋಡಿದರು.

“ತೋರುಬೆರಳಿನ ಬುಡ ಮರ ಮುಟ್ತಾ ಇದೆ ಕಣಮ್ಮ. ಟ್ರಿಗರ್ ಎಳೆಯೋವಾಗ ತಳ್ಳುತ್ತೆ. ಅರ ತಂದಿದ್ದೀಯಾ?”

ತಂದಿದ್ದೆ.