ಸಭಾಕಂಪ

ಊರಿನಲ್ಲಿ ಒಂದು ಬಸವ ಜಯಂತಿಯೋ ಶಿವಾನುಭವ ಗೋಷ್ಠಿಯೋ ನಿಶ್ಚಯವಾದಾಗ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದೆಂಬುದನ್ನು ಅದನ್ನು ನಡೆಸಿದವರೇ ಬಲ್ಲರು. ಇನ್ನೂರು ಜನರ ಪ್ರಸಾದವಲ್ಲ, ಪೆಂಡಾಲವೂ ಅಲ್ಲ. ಸ್ವಾಗತ ಯಾರು ಮಾಡಬೇಕು, ವಂದನಾರ್ಪಣೆ ಯಾರು ಮಾಡಬೇಕು ಎಂಬುದನ್ನು ಗೊತ್ತುಮಾಡುವುದು! ಹೂರಣ ರುಬ್ಬಲು ಹತ್ತು ಜನ ಮುಂದೆ ಬರುತ್ತಾರೆ. ಎರಡು ನಿಮಿಷದ ವಂದನಾರ್ಪಣೆಗೆ ಒಬ್ಬರೂ ಏಳುವುದಿಲ್ಲ. "ನಂಗ ಮಾತ ಬರೂದಿಲ್ರಿ ಅಕ್ಕಾರ, ಬ್ಯಾರೆ ಏನರ ಹೇಳ್ರಿ, ಮಾಡ್ತೀನಿ" ಎಂಬ ಉತ್ತರವನ್ನು ನಮ್ಮ ಅಕ್ಕನ ಬಳಗದಲ್ಲಿ ನಾವು ಎಷ್ಟು ಬಾರಿ ಕೇಳಿದ್ದೇವೆಯೋ ಅಷ್ಟೇ ಬಾರಿ ಹೇಳಿಯೂ ಇದ್ದೇವೆ. ಹೀಗೆ ಹೇಳುವ ತಾಯಿ ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ, ಬೀಗರ ಮುಂದೆ ಮಾತಿಗೆ ಸೋತವಳೇನಲ್ಲ.

ಹಿರಿಯರು ಇದಕ್ಕೆ ಸಭಾಕಂಪವೆಂದು ಹೆಸರಿಟ್ಟಿದ್ದಾರೆ. ಹೆಸರು ಸಾರ್ಥಕವಾದುದು, ಏಕೆಂದರೆ ನಡುಗುವುದು ಮನಸ್ಸಷ್ಟೇ ಅಲ್ಲ, ಮೈಯೂ ಹೌದು. ಹಾವನ್ನು ಕಂಡಾಗ ದೇಹ ಮಾಡಿಕೊಳ್ಳುವ ಸಿದ್ಧತೆಯನ್ನೇ ಸಭೆಯನ್ನು ಕಂಡಾಗಲೂ ಮಾಡಿಕೊಳ್ಳುತ್ತದೆ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಯ ಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ, ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗುತ್ತದೆ. ಓಡಿಹೋಗಲು ಮೈ ಅಣಿಯಾಗಿದೆ. ಓಡುವಂತಿಲ್ಲ, ನಿಂತು "ಪೂಜ್ಯರ ಪಾದಕಮಲಗಳಿಗೆ" ಎನ್ನಬೇಕಾಗಿದೆ. ಇದೇ ನಿಜವಾದ ಇಕ್ಕಟ್ಟು.

ಈ ವಿಷಯವಾಗಿ ಅಮೆರಿಕೆಯ ಮನೋವಿಜ್ಞಾನಿಗಳು ನಡೆಸಿದ ಎರಡು ಪ್ರಯೋಗಗಳು ನಮಗೆ ಬಹಳ ಸಮಾಧಾನ ಕೊಟ್ಟವು. ಸಾವಿಟ್‌ಸ್ಕಿ ಮತ್ತು ಗಿಲೋವಿಚ್ ಎಂಬವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಾತನಾಡುವವರು ತಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆಯೆಂದು ಭಾವಿಸುತ್ತಾರೆ. ಕೇಳುವವರಿಗೆ ಅದು ಅಷ್ಟಾಗಿ ಕಾಣುವುದೇ ಇಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿ ಮಾತಿಗೆ ನಿಲ್ಲಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರಂತೆ. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಅವರು ಕಂಡುಕೊಂಡದ್ದು ಇನ್ನೂ ಸ್ವಾರಸ್ಯವಾಗಿದೆ. "ನಾನು ಶಾಂತವಾಗಿದ್ದೇನೆ" ಎಂದುಕೊಂಡು ಎದ್ದವರಿಗಿಂತ "ನನಗೆ ಹುರುಪು ಬಂದಿದೆ" ಎಂದುಕೊಂಡು ಎದ್ದವರ ಮಾತು ಕೇಳುಗರಿಗೆ ಹೆಚ್ಚು ಹಿಡಿಸಿತು. ಬಡಿಯುವ ಎದೆಗೆ ಸುಮ್ಮನಿರು ಎಂದರೆ ಅದು ಕೇಳದು. ಹಬ್ಬದ ದಿನವೂ ಎದೆ ಹೀಗೆಯೇ ಬಡಿಯುತ್ತದೆಂದು ನೆನಪಿಸಬಹುದು.

ದೊಡ್ಡವರಿಗೆ ಈ ಕಷ್ಟವಿರಲಿಲ್ಲವೆಂದು ತಿಳಿಯುವುದು ಬೇಡ. 1891ರಲ್ಲಿ ಗಾಂಧೀಜಿಯವರು ಲಂಡನ್ ಬಿಡುವ ಮೊದಲು ಸಸ್ಯಾಹಾರಿ ಮಿತ್ರರಿಗೆ ಭೋಜನವಿತ್ತು, ನಾಲ್ಕಾರು ವಾಕ್ಯಗಳ ಭಾಷಣವನ್ನು ಸಿದ್ಧಮಾಡಿಕೊಂಡು ನಿಂತರು. ಮೊದಲನೆಯ ವಾಕ್ಯದಿಂದ ಮುಂದಕ್ಕೆ ಹೋಗಲಾಗದೆ ವಂದನೆ ಹೇಳಿ ಕುಳಿತುಬಿಟ್ಟರು. ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದಾಗ ತಲೆ ಸುತ್ತಿ, 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿ ಬಂದರು. ಇದನ್ನೆಲ್ಲ ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಅದೇ ಗಾಂಧಿ 1893ರಲ್ಲಿ ಪ್ರಿಟೋರಿಯಾದ ಭಾರತೀಯರನ್ನು ಕೂಡಿಸಿ ಮಾತನಾಡಿದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಪ್ರಿಟೋರಿಯಾದಲ್ಲಿ ಅವರಿಗೆ ಹೊಸ ನಾಲಗೆಯೇನೂ ಬಂದಿರಲಿಲ್ಲ. ಪರರಿಗಾಗಿ ಹೇಳಲೇಬೇಕಾದ ಮಾತೊಂದು ಸಿಕ್ಕಿತ್ತೆಂಬುದು ನಮ್ಮ ಊಹೆ.

ನಮ್ಮ ಪರಂಪರೆಯಾದರೂ ಮೌನದ್ದಲ್ಲ. ಶೂನ್ಯಸಂಪಾದನೆಯು ಮೊದಲಿನಿಂದ ಕೊನೆಯವರೆಗೆ ಸಂವಾದವೇ. ಅದರಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಶರಣರೆಲ್ಲರ ಎದುರಿನಲ್ಲಿ ಪ್ರಶ್ನಿಸುವ ಭಾಗವನ್ನು ಓದಿದವರಿಗೆ, ಅದಕ್ಕಿಂತ ಕಠಿಣವಾದ ವೇದಿಕೆ ಇನ್ನೊಂದಿರಲಾರದು ಎನಿಸುತ್ತದೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ತಡೆದು ಕೇಳಿದ ಆಯ್ದಕ್ಕಿ ಲಕ್ಕಮ್ಮ ಯಾವ ಪಾಠಶಾಲೆಗೆ ಹೋಗಿದ್ದಳು? ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ವಚನಗಳು ಇಂದು ನಮಗೆ ದೊರೆತಿವೆ. ಅವರ ವಾರಸುದಾರರಾದ ನಾವು ವಂದನಾರ್ಪಣೆಗೆ ಹೆದರುವುದೆಂದರೇನು ಎಂಬ ಪ್ರಶ್ನೆಯನ್ನು ಒಂದು ಶ್ರಾವಣದಲ್ಲಿ ನಮ್ಮ ಬಳಗದ ಹಿರಿಯಕ್ಕನವರು ಎತ್ತಿದರು. ಆ ಸಂಜೆ ಬರಬೇಕಾಗಿದ್ದ ಉಪನ್ಯಾಸಕರು ಮಳೆಯ ಕಾರಣದಿಂದ ಬಂದಿರಲಿಲ್ಲ. ಅಂದಿನಿಂದ ಉಪನ್ಯಾಸ ನಮ್ಮದೇ ಎಂದು ನಿರ್ಣಯವಾಯಿತು.

ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಅಭ್ಯಾಸವಿಲ್ಲ. ಆದುದರಿಂದ ಮೊದಲ ತಿಂಗಳು ಕುಳಿತಲ್ಲಿಯೇ ಒಂದು ವಚನವನ್ನು ಕಂಠಪಾಠ ಹೇಳುವುದಷ್ಟೇ. ಎರಡನೆಯ ತಿಂಗಳು ಆ ವಚನದ ಯಾವ ಮಾತು ಮನಸ್ಸಿಗೆ ತಾಗಿತೆಂದು ಎರಡು ವಾಕ್ಯ. ಮೂರನೆಯದರಲ್ಲಿ ತಮ್ಮ ಬಾಳಿನಲ್ಲಿ ಕಂಡದ್ದನ್ನು ಮೂರು ನಿಮಿಷ. ಎದ್ದು ನಿಂತದ್ದು ಐದನೆಯ ತಿಂಗಳು. ಮೈಕು ಬಂದದ್ದು ಅದಕ್ಕೂ ಆಮೇಲೆ. ತನ್ನದೇ ಧ್ವನಿ ದೊಡ್ಡದಾಗಿ ತಿರುಗಿ ಕಿವಿಗೆ ಬಡಿದಾಗ ಒಬ್ಬ ತಾಯಿ "ಯಾರ್ರೀ ಅಕೀ?" ಎಂದು ಹಿಂದಿರುಗಿ ನೋಡಿದರು, ಎಲ್ಲರೂ ನಕ್ಕೆವು, ಅವರೂ ನಕ್ಕರು.

ಕಟ್ಟುನಿಟ್ಟಾದ ನಿಯಮ ಒಂದೇ ಇತ್ತು. ಮಾತನಾಡಿದ ದಿನ ಯಾರೂ ತಪ್ಪು ತೋರಿಸುವಂತಿಲ್ಲ. ಮರುದಿನ, ಅದೂ ಅವರೇ ಬಂದು ಕೇಳಿದರೆ ಮಾತ್ರ. ಉಳಿದುದೆಲ್ಲ ಅನುಭವದಿಂದ ಬಂದ ಸಣ್ಣಪುಟ್ಟ ಉಪಾಯಗಳು. ಭಾಷಣವನ್ನು ಪೂರ್ತಿ ಬರೆದುಕೊಂಡರೆ ಒಂದು ಸಾಲು ತಪ್ಪಿದೊಡನೆ ಎಲ್ಲವೂ ತಪ್ಪುತ್ತದೆ. ನಾಲ್ಕು ಪದಗಳಿದ್ದರೆ ಸಾಕು. ಅವನ್ನು ತೆಳುವಾದ ಹಾಳೆಯಲ್ಲಿ ಬರೆದರೆ ಕೈಯ ನಡುಕವನ್ನು ಹಾಳೆ ಇಮ್ಮಡಿಯಾಗಿ ಸಾರುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪನೆಯ ರಟ್ಟು ಇದಕ್ಕೆ ಉತ್ತಮ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಪಾಠವಿರಲಿ. ಏಳುವ ಮುನ್ನ ನಾಲ್ಕು ಬಾರಿ ನಿಧಾನವಾಗಿ ಉಸಿರನ್ನು ಹೊರಕ್ಕೆ ಬಿಡಬೇಕು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ದೀರ್ಘವಾಗಿರಬೇಕು. ಇಷ್ಟಲಿಂಗ ಪೂಜೆಯಿಂದ ಸಭಾಕಂಪ ತಾನಾಗಿ ಹೋಗುತ್ತದೆಂದು ನಾವು ಹೇಳಲಾರೆವು. ದಿನವೂ ಪೂಜೆ ತಪ್ಪಿಸದವರೂ ನಮ್ಮಲ್ಲಿ ಗಡಗಡನೆ ನಡುಗಿದ್ದಾರೆ. ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ರೂಢಿ ಮಾತ್ರ ಅವರಿಗೆ ಬೇಗನೆ ನೆರವಾಯಿತು.

ಅಂಜಿಕೆಯ ಅರ್ಧ ಭಾಗ ಭಾಷೆಯದಾಗಿತ್ತೆಂಬುದು ನಮಗೆ ತಡವಾಗಿ ಹೊಳೆಯಿತು. ವೇದಿಕೆಯೆಂದರೆ ಗ್ರಂಥದ ಕನ್ನಡವೇ ಬೇಕೆಂಬ ಭಾವನೆ ಎಲ್ಲರಲ್ಲಿಯೂ ಇತ್ತು. ಮನೆಯ ಮಾತನ್ನು ಮನದಲ್ಲಿಯೇ ಶಿಷ್ಟಕ್ಕೆ ತಿರುಗಿಸಿ ನಾಲಗೆಗೆ ತರುವಷ್ಟರಲ್ಲಿ ಹೇಳಬೇಕಾದ ವಿಷಯ ಹಾರಿಹೋಗುತ್ತಿತ್ತು. ಶರಣರು ಸಂಸ್ಕೃತವನ್ನು ಬದಿಗಿರಿಸಿ ಜನರ ಮಾತಿನಲ್ಲಿಯೇ ಅನುಭಾವವನ್ನು ಹೇಳಿದರಲ್ಲವೇ ಎಂದು ನೆನಪಿಸಿಕೊಂಡು, ಆಡುವ ಮಾತಿನಲ್ಲಿಯೇ ಹೇಳೋಣವೆಂದೆವು. ಬಾಯಿಗಳು ತೆರೆದವು. (ಇದನ್ನು ಗ್ರಂಥದ ಕನ್ನಡದಲ್ಲಿ ಬರೆಯುತ್ತಿರುವ ನಮಗೆ ವಾಚಕರು ನಗಬಹುದು.) ಕೆಲವರಿಗೆ ಈಗ ಮುಚ್ಚುವುದೇ ಕಷ್ಟವಾಗಿದೆ, ಅದಕ್ಕಾಗಿ ಒಂದು ಗಂಟೆಯನ್ನು ತಂದಿರಿಸಿದ್ದೇವೆ. ಊರಿನ ದೊಡ್ಡ ಸಭೆಗಳಲ್ಲಿ, "ಎರಡೇ ಮಾತು" ಎಂದು ಎದ್ದು ಮುಕ್ಕಾಲು ತಾಸು ಕೊರೆಯುವ ಅಧ್ಯಕ್ಷರುಗಳಿಗೂ ಇದನ್ನು ಎರವಲು ಕೊಡಲು ಸಿದ್ಧರಿದ್ದೇವೆ.

ಇದೆಲ್ಲ ಗೋಷ್ಠಿಯ ಅಂದಕ್ಕಾಗಿ ಮಾತ್ರವೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಬಳಗದ ಒಬ್ಬ ತಾಯಿ ಮಹಿಳಾ ಮೀಸಲು ಸ್ಥಾನದಿಂದ ಗ್ರಾಮ ಪಂಚಾಯತಿಗೆ ಆಯ್ಕೆಯಾಗಿದ್ದರು. ಹೆಸರು ಅವರದು, ಸಹಿ ಅವರದು, ಮಾತು ಮಾತ್ರ ಮೈದುನನದು. ಸಭೆಯಲ್ಲಿ ಇವರು ಸೆರಗು ಹೊದ್ದು ಕುಳಿತಿರುವರು, ಆತ ಪಕ್ಕದಲ್ಲಿ ನಿಂತು ಉತ್ತರಿಸುವನು. ಯಾರಿಗೂ ಇದು ವಿಚಿತ್ರವೆನಿಸುತ್ತಿರಲಿಲ್ಲ. ಇವರ ವಾರ್ಡಿನ ಕೆಳಗಿನ ಓಣಿಗೆ ಎರಡು ಬೇಸಿಗೆಗಳಿಂದ ನಳದ ನೀರು ಬರುತ್ತಿರಲಿಲ್ಲ. ಹೆಣ್ಣುಮಕ್ಕಳು ತಮ್ಮ ಗೋಳನ್ನು ಹೇಳಿಕೊಳ್ಳಲು ಬರುತ್ತಿದ್ದುದು ಇವರಲ್ಲಿಗೆ. ಅದು ಸಭೆಯನ್ನು ಮುಟ್ಟುವಾಗ ಮೈದುನನ ಬಾಯಲ್ಲಿ "ನೋಡೋಣು" ಎಂಬ ಒಂದೇ ಮಾತಾಗುತ್ತಿತ್ತು.

ಗೋಷ್ಠಿಯಲ್ಲಿ ಏಳನೆಯ ಬಾರಿ ಎದ್ದು ಮಾತನಾಡಿದ ಮೇಲೆ ಬಂದ ಗ್ರಾಮಸಭೆಯಲ್ಲಿ ಆ ತಾಯಿ ಎದ್ದರು. ನಾವು ನಾಲ್ವರು ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು, ಅವರ ಕಣ್ಣಿಗೆ ನಾಲ್ಕು ಪರಿಚಿತ ಮುಖಗಳಿರಲೆಂದು. ಮೈದುನ ಬಾಯಿ ತೆರೆಯುವಷ್ಟರಲ್ಲಿ "ತಮ್ಮಾ, ನೀ ಕೂಡಪಾ, ನಾ ಹೇಳ್ತೀನಿ" ಎಂದರು. ಎಷ್ಟು ಮನೆಗಳಿಗೆ ನೀರಿಲ್ಲ, ಕೊಳವೆ ಯಾವ ತಿರುವಿನಲ್ಲಿ ಒಡೆದಿದೆ, ಎಷ್ಟು ಕೊಡಗಳನ್ನು ಎಷ್ಟು ದೂರದಿಂದ ಹೊರುತ್ತಾರೆ ಎಂಬುದನ್ನು ಲಗ್ನಪತ್ರಿಕೆಯ ರಟ್ಟನ್ನು ನೋಡಿಕೊಂಡು ಹೇಳಿದರು. ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ. ಅಧಿಕಾರಿಗಳು ನಡಾವಳಿಯಲ್ಲಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿರೆಂದು ಇವರು ಕೇಳಿದಾಗ ಓದಿಯೂ ಹೇಳಿದರು. ಕೊಳವೆ ದುರಸ್ತಿಯಾಗಲು ಮತ್ತೆರಡು ತಿಂಗಳು, ಮತ್ತೊಂದು ಸಭೆ ಬೇಕಾಯಿತು.

ಹೊರಗೆ ಬಂದು ಕೈ ಹಿಡಿದು ನೋಡಿದೆವು. ಮಂಜಿನಂತೆ ತಣ್ಣಗಿತ್ತು. "ಎದಿ ಇನ್ನೂ ಹೊಡ್ಕೋತೈತ್ರಿ" ಎಂದು ನಕ್ಕು, ಮೊದಲು ಒಂದು ಲೋಟ ನೀರು ಕೇಳಿದರು.