ಕಡಲ ದಂಡೆಯ ಕುದುರೆ ಪೋಲೀಸಿನವರು

ಜೀಡಿಮೆಟ್ಲಾದಲ್ಲಿ ನೆಲೆಸಿರುವ ನಮಗೆ ಸಾಗರವೆಂದರೆ ಫಾಕ್ಸ್ ಸಾಗರ. ಹೆಸರು ದೊಡ್ಡದು, ನೋಡಹೋದರೆ ಕೆರೆ. ಮಕ್ಕಳಿಗೆ ನಿಜವಾದ ಕಡಲನ್ನು ತೋರಿಸೋಣವೆಂದು ನಾವು ಎರಡು ಸಂಸಾರದವರು ಮದರಾಸಿಗೆ, ಎಂದರೆ ಈಗಿನ ಚೆನ್ನೈಗೆ, ಹೋಗಿಬಂದೆವು. ಮರೀನಾ ಮರಳಿನ ಮೇಲೆ ಮಕ್ಕಳು ಅಲೆಗಳನ್ನೂ ಮರೆತು ನೋಡಿದ್ದು ಕುದುರೆಯೇರಿ ಬಂದ ಪೋಲೀಸಿನವರನ್ನು.

ಜೀಪಿನ ಚಕ್ರ ಹೂತುಹೋಗುವ ಮರಳಿನಲ್ಲಿ ಕುದುರೆ ಸಲೀಸಾಗಿ ನಡೆಯುತ್ತದೆ. ಜೀನಿನ ಮೇಲೆ ಕುಳಿತವನಿಗೆ ಜನಸಂದಣಿಯ ಆಚೆ ತುದಿಯೂ ಕಾಣುತ್ತದೆ. ಮಗುವನ್ನು ಕಳೆದುಕೊಂಡು ಗಾಬರಿಯಾದ ತಾಯಿಗೂ ದೂರದಿಂದಲೇ ಅವನು ಕಾಣುತ್ತಾನೆ. ಮೋಟಾರುಗಳು ಹೆಚ್ಚಿದವೆಂದು ಮುಂಬಯಿಯಲ್ಲಿ 1932ರಲ್ಲಿ ನಿಲ್ಲಿಸಿದ್ದ ಅಶ್ವದಳ, 2020ರ ಗಣರಾಜ್ಯೋತ್ಸವದ ದಿನ ಶಿವಾಜಿ ಪಾರ್ಕಿನಲ್ಲಿ ಮತ್ತೆ ಹೆಜ್ಜೆ ಹಾಕಿತು.

“ಇದಕ್ಕೆ ಸೇರಲು ಯಾವ ಪರೀಕ್ಷೆ ಕಟ್ಟಬೇಕು?” ಎಂದು ನಮ್ಮ ಹುಡುಗನೊಬ್ಬ ಕೇಳಿದ. ಮೊದಲ ಪರೀಕ್ಷೆ ಲಾಯದಲ್ಲೇ, ಮಗು! ಲದ್ದಿ ಎತ್ತಬೇಕು, ಮೈ ತಿಕ್ಕಬೇಕು, ಗೊರಸು ಶುಚಿ ಮಾಡಬೇಕು. ಕುದುರೆ ಸ್ವಭಾವತಃ ಅಂಜುಬುರುಕ ಪ್ರಾಣಿ. ಕೂಗಿಗೂ ಬಾಜಾಬಜಂತ್ರಿಗೂ ಬೆಚ್ಚದಂತೆ ಅದನ್ನು ತಾಳ್ಮೆಯಿಂದ ಪಳಗಿಸಬೇಕು. ದಸರೆಗೆ ಮುನ್ನ ಮೈಸೂರಿನಲ್ಲಿ ಆನೆಗಳ ಜೊತೆಗೆ ಕುದುರೆಗಳಿಗೂ ಕುಶಾಲತೋಪಿನ ಸದ್ದಿನ ತಾಲೀಮು ನಡೆಯುವುದು ಇದಕ್ಕಾಗಿಯೇ.

ಕಡಲತೀರದ ಊರೊಂದಕ್ಕೂ ಮೈಸೂರಿನ ಸವಾರರಿಗೂ ಹಳೆಯ ನಂಟುಂಟು. ಅವರು ಪೋಲೀಸರಲ್ಲ, ಸೈನಿಕರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಭರ್ಜಿ ಹಿಡಿದು, ತೋಪುಗಳಿಗೆ ಎದೆಗೊಟ್ಟು ಹೈಫಾ ಪಟ್ಟಣವನ್ನು ಗೆದ್ದರು. ಹೈದರಾಬಾದಿನ ಲ್ಯಾನ್ಸರುಗಳೂ ಅದೇ ಬ್ರಿಗೇಡಿನವರು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂರು ವಿಗ್ರಹಗಳು ಈ ಮೂವರವೇ. ನಾವು ಹುಟ್ಟಿದ ನಾಡೂ ಅನ್ನ ಕೊಟ್ಟ ಊರೂ ಅಲ್ಲಿ ಒಂದೇ ಕಂಬದ ಬುಡದಲ್ಲಿ ನಿಂತಿವೆ. 1953ರಲ್ಲಿ ಮೈಸೂರು ಲ್ಯಾನ್ಸರುಗಳು 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋದರು.

ನಮ್ಮ ಕಾರ್ಖಾನೆಗಳಲ್ಲಿ ಒಬ್ಬರು ನಿವೃತ್ತರಾದರೆ ಯಂತ್ರ ಮರುದಿನವೇ ಹೊಸಬರ ಕೈಯಲ್ಲಿ ಹಾಗೆಯೇ ಓಡುತ್ತದೆ. ಕುದುರೆಯ ರೀತಿಯೇ ಬೇರೆ. ಹೊಸ ಕೈಯನ್ನು ಅದು ಮೊದಲು ಒಪ್ಪಬೇಕು. ಈ ವಿದ್ಯೆ ಪುಸ್ತಕದಿಂದ ಬರುವುದಲ್ಲ, ಹಳೆಯ ಸವಾರನಿಂದ ಹೊಸಬನಿಗೆ ದಾಟಬೇಕು. ಒಂದು ತಲೆಮಾರು ತಪ್ಪಿತೆಂದರೆ ಮತ್ತೆ ಕಟ್ಟುವುದು ಸುಲಭವಲ್ಲ. ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವುದೂ ಹೀಗೆಯೇ ಅಲ್ಲವೆ?

ಬರುವ ದಸರೆಗೆ ಊರಿಗೆ ಹೋಗುವವರು ಅಂಬಾರಿಯ ಆನೆಯನ್ನಷ್ಟೇ ತೋರಿಸಿ ಮಕ್ಕಳನ್ನು ಕರೆತರಬೇಡಿ. ಮೆರವಣಿಗೆಯಲ್ಲಿ ಸಾಗುವ ಆ ಸವಾರರನ್ನೂ ತೋರಿಸಿರಿ.